ಮೀನಿಗೆ ತಕ್ಕ ಚಾಕು, ಕೈಗೆ ತಕ್ಕ ಹಿಡಿ

ಮಿಕ್ಸಿ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗುತ್ತೇವೆ. ಕುಕ್ಕರ್ ಕೊಳ್ಳುವಾಗ ಅಕ್ಕಪಕ್ಕದ ಮನೆಯವರನ್ನೆಲ್ಲ ವಿಚಾರಿಸುತ್ತೇವೆ. ಇನ್ನು ಸೀರೆಯ ಮಾತಂತೂ ಬೇಡವೇ ಬೇಡ! ಆದರೆ ದಿನಕ್ಕೆ ಹತ್ತು ಸಲ ಕೈಗೆತ್ತಿಕೊಳ್ಳುವ ಚಾಕುವನ್ನು ಮಾತ್ರ ಜಾತ್ರೆಯಲ್ಲೋ ಸಂತೆಯಲ್ಲೋ ಬಳೆ, ಪಿನ್ನುಗಳ ಜೊತೆಗೆ "ಇದೂ ಒಂದಿರಲಿ" ಎಂದು ಬುಟ್ಟಿಗೆ ಹಾಕಿಕೊಂಡು ಬರುತ್ತೇವೆ. ಹೌದೋ ಅಲ್ಲವೋ, ನೀವೇ ಹೇಳಿ.

ಈರುಳ್ಳಿ, ಬೀನ್ಸು ಹೆಚ್ಚುವುದಕ್ಕೆ ಆ ಚಾಕು ಹೇಗೋ ನಡೆದೀತು. ಆದರೆ ಕೆರೆ ಮೀನಿನ ಮುಂದೆ ಅದರ ಬಂಡವಾಳ ಬಯಲಾಗುತ್ತದೆ. ಹುರುಪೆ ಜಾರುತ್ತದೆ, ಚರ್ಮ ಜಗ್ಗುತ್ತದೆ, ಮಾಂಸ ಪುಡಿಪುಡಿಯಾಗುತ್ತದೆ, ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ! ಆಗ ನಾವು "ನನಗೆ ಮೀನು ಬಿಡಿಸೋಕೆ ಬರೋಲ್ಲ ಕಣ್ರೀ" ಎಂದು ನಮ್ಮನ್ನೇ ಬೈದುಕೊಳ್ಳುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇದೆ, ನಿಜ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ಅದನ್ನೂ ಒಪ್ಪಬೇಕಲ್ಲ!

ಮಳೆಗಾಲದಲ್ಲಿ ಈ ಮಾತಿಗೆ ಇನ್ನೂ ಬೆಲೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂಗುಡೆ, ಭೂತಾಯಿ ಬರುವುದು ಕಡಿಮೆಯಾಗಿ ಬೆಲೆ ಏರುತ್ತದೆ. ಆಗ ಭದ್ರಾವತಿ, ಹೊಸಪೇಟೆ, ಮದ್ದೂರಿನಂಥ ಒಳನಾಡಿನ ಊರುಗಳಲ್ಲಿ ಕೆರೆ, ಹೊಳೆ, ಜಲಾಶಯದ ಮೀನಿಗೇ ಮೊರೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಜಿಲೇಬಿ, ಕೊರವ ಎಲ್ಲ ಬುಟ್ಟಿ ತುಂಬ. ಬೆಲೆಯೂ ನಮ್ಮ ಕೈಗೆಟುಕುವಂಥದು. ಕಾಟ್ಲಾ, ರೋಹು ಮರಿಗಳು ಇಂದು ಊರೂರಿನ ಕೆರೆಗೂ ಸಿಗುತ್ತಿರುವುದಕ್ಕೆ 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನನ್ನು ಮರಿ ಮಾಡಿಸಿದ್ದೇ ಮೂಲ. ಅದರ ನೆನಪಿಗೇ ದೇಶದಲ್ಲಿ ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಮೀನು ಮನೆ ಬಾಗಿಲಿಗೆ ಬಂತು. ಅದನ್ನು ಬಿಡಿಸುವ ಚಾಕು ಎಂಥದ್ದಿರಬೇಕು? ಅದನ್ನೇ ಈ ಸಲ ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಮೊಂಡು ಚಾಕುವೇ ಹೆಚ್ಚು ಅಪಾಯ

"ಹರಿತವಾದ ಚಾಕು ಮನೇಲಿ ಬೇಡಮ್ಮ, ಕೈ ಕುಯ್ದುಕೊಳ್ಳುತ್ತೆ" ಎನ್ನುವವರು ಬಹಳ. ಆದರೆ ನಿಜ ಸಂಗತಿ ತಿರುಗುಮುರುಗು. ಹರಿತವಾದ ಚಾಕುವಿಗೆ ಬಲ ಬೇಡ, ಅದು ನಾವು ತೋರಿಸಿದ ದಾರಿಯಲ್ಲಿ ಹೋಗುತ್ತದೆ. ಮೊಂಡು ಚಾಕುವನ್ನು ಒತ್ತಬೇಕು. ಒತ್ತುವಾಗ ಲೋಳೆ ಮೀನಿನ ಮೇಲೆ ಜಾರಿತೆಂದರೆ ಅಷ್ಟೂ ಬಲ ನಮ್ಮ ಎಡಗೈ ಮೇಲೆಯೇ.

ನನ್ನ ನಾದಿನಿಯೊಬ್ಬಳಿದ್ದಾಳೆ. ರವಿಕೆ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಮಕ್ಕಳ ಫೀಸೆಲ್ಲ ಆ ಹೊಲಿಗೆಯಿಂದಲೇ ಹೊರಡುತ್ತಿತ್ತು. ಒಂದು ಭಾನುವಾರ ದೊಡ್ಡ ಕಾಟ್ಲಾವನ್ನು ಗರಗಸದ ಹಲ್ಲಿನ ಅಗ್ಗದ ಚಾಕುವಿನಿಂದ ಒತ್ತಿ ಒತ್ತಿ ಕೊಯ್ಯುತ್ತಿದ್ದಳು. ಚಾಕು ಜಾರಿ ಎಡಗೈ ತೋರುಬೆರಳಿನ ಒಳಭಾಗಕ್ಕೆ ಇಳಿಯಿತು. ಅರಿಶಿನ ಒತ್ತಿ, ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದಳು. ಮನೆತನದ ಹೆಂಗಸರು ಹಾಗೇ ಅಲ್ಲವೇ? ವಾರ ಕಳೆದರೂ ಬೆರಳು ಮಡಿಸಲಾಗಲಿಲ್ಲ. ಬೆರಳನ್ನು ಮಡಿಸುವ ಹುರಿಯೇ ಕತ್ತರಿಸಿ ಹೋಗಿತ್ತು. ಆಮೇಲೆ ಆಪರೇಷನ್ ಆಯಿತು, ಬೆರಳು ಅರ್ಧ ಮಡಿಯುತ್ತದೆ, ಅಷ್ಟೇ. ಇಂದು ಅವಳು ಗುಂಡಿ ಕಟ್ಟುವ ಕೆಲಸವನ್ನು ಮಗಳ ಕೈಲಿ ಮಾಡಿಸುತ್ತಾಳೆ.

ಇದನ್ನು ನಿಮ್ಮನ್ನು ಹೆದರಿಸಲು ಬರೆಯಲಿಲ್ಲ. ಎರಡು ಮಾತು ನೆನಪಿನಲ್ಲಿಡಿ. ಕೈ ಕುಯ್ದುಕೊಂಡ ಮೇಲೆ ಬೆರಳು ಮಡಿಸಲು ಬಾರದಿದ್ದರೆ, ತುದಿ ಜೋಮು ಹಿಡಿದಂತಿದ್ದರೆ, ಅಥವಾ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದಿನ ವಿಷಯವನ್ನೂ ಅಲ್ಲೇ ಕೇಳಿ. ಸಕ್ಕರೆ ಕಾಯಿಲೆ ಇರುವವರು ಸಣ್ಣ ಗಾಯವೆಂದು ಸುಮ್ಮನಿರಬಾರದು. ಎರಡನೆಯದು, ಒಂದು ಒಳ್ಳೆಯ ಚಾಕುವಿಗೆ ಹಾಕುವ ದುಡ್ಡು ದಂಡವಲ್ಲ.

ಈಳಿಗೆಮಣೆ ಎಸೆಯಬೇಡಿ

ಹೊಸ ಚಾಕು ಬಂತೆಂದು ಅಜ್ಜಿಯ ಕಾಲದ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಬೇಡಿ. ಅದರ ಅನುಕೂಲವೇ ಬೇರೆ. ಅಲಗು ನಿಂತಲ್ಲೇ ನಿಂತಿರುತ್ತದೆ, ಎರಡೂ ಕೈ ಮೀನನ್ನು ಹಿಡಿಯಲು ಬಿಡುವಾಗಿರುತ್ತವೆ. ಸಾರಿಗೆ ಅಡ್ಡಡ್ಡ ಹೋಳು ಮಾಡಲು, ರೆಕ್ಕೆ ಬಾಲ ತೆಗೆಯಲು ಅದಕ್ಕೆ ಸಾಟಿಯಿಲ್ಲ. ಬಂಗಾಳದಲ್ಲೂ ಇಂಥದೇ ಮಣೆ ಇದೆ, ಅಲ್ಲಿ 'ಬಟಿ' ಎನ್ನುತ್ತಾರೆ. ದೊಡ್ಡ ದೊಡ್ಡ ರೋಹುವನ್ನು ಅವರು ಅದರಲ್ಲೇ ಸಲೀಸಾಗಿ ತುಂಡು ಮಾಡುತ್ತಾರೆ.

ಆದರೆ ನಡುಮುಳ್ಳಿನ ಪಕ್ಕದಿಂದ ಮಾಂಸವನ್ನು ಉದ್ದಕ್ಕೆ, ಹಾಳೆಯಂತೆ ಬಿಡಿಸಿ ತೆಗೆಯುವುದಿದೆಯಲ್ಲ, ಪೇಟೆಯ ಹೋಟೆಲಿನವರು 'ಫಿಲೆ' ಅನ್ನುತ್ತಾರೆ, ಅದಕ್ಕೆ ಮಾತ್ರ ತೆಳುವಾದ ಚಾಕುವೇ ಬೇಕು. ಹಾಗೆಯೇ ತಲೆ ಸೀಳಲು, ದಪ್ಪ ಮೂಳೆ ಕಡಿಯಲು ಭಾರದ ಕತ್ತಿ ಬೇಕು. ನಮ್ಮ ಕಮ್ಮಾರರು ಲಾರಿಯ ಹಳೆಯ ಪಟ್ಟಿಯಿಂದ ಮಾಡಿಕೊಡುವ ಕತ್ತಿ ಇದಕ್ಕೆ ಬಲು ಚೆನ್ನ. ಆ ಉಕ್ಕು ಗಟ್ಟಿ, ಪೆಟ್ಟಿಗೆ ತಡೆಯುತ್ತದೆ. ಹೀಗೆ ಈಳಿಗೆ ಒಂದು, ಕಡಿಯುವ ಕತ್ತಿ ಒಂದು, ಬಿಡಿಸುವ ಚಾಕು ಒಂದು. ಮೂರಿದ್ದರೆ ಮೀನಿನ ಮನೆ ತುಂಬಿದ ಹಾಗೆ. ಬಿಡಿಸುವ ಚಾಕುವಿನಿಂದ ಎಂದೂ ಮೂಳೆ ಕಡಿಯಬೇಡಿ, ಅದರ ಬಾಯಿ ಮುಕ್ಕಾಗುತ್ತದೆ.

ಯಾವ ಮೀನಿಗೆ ಯಾವ ಚಾಕು?

ಅಂಗಡಿಗೆ ಹೋಗುವ ಮೊದಲು, ನಿಮ್ಮ ಮನೆಗೆ ಹೆಚ್ಚಾಗಿ ಯಾವ ಮೀನು ಬರುತ್ತದೆಂದು ಯೋಚಿಸಿ.

ಜಿಲೇಬಿಯಂಥ ಅರ್ಧ ಕಿಲೋ, ಮುಕ್ಕಾಲು ಕಿಲೋ ಮೀನು ಬರುವುದಾದರೆ 5ರಿಂದ 6 ಇಂಚು ಉದ್ದದ, ಸ್ವಲ್ಪ ಬಾಗುವ ಅಲಗು ಸಾಕು. ಒಂದರಿಂದ ಎರಡು ಕಿಲೋ ತೂಗುವ ಕೊರವ, ರೋಹುವಿಗೆ 6ರಿಂದ 7 ಇಂಚು. ಮೂರು ಕಿಲೋ ಮೀರಿದ ಕಾಟ್ಲಾ, ಹುಲ್ಲುಗೆಂಡೆಗೆ 8 ಇಂಚು ಬೇಕು, ಅದು ಅಷ್ಟಾಗಿ ಬಾಗದೆ ಗಟ್ಟಿಯಾಗಿರಬೇಕು. ಲೆಕ್ಕ ಸುಲಭ, ಮೀನು ಮಲಗಿದಾಗ ಅದರ ಬೆನ್ನಿನಿಂದ ಹೊಟ್ಟೆಯವರೆಗೆ ಎಷ್ಟು ಅಗಲವೋ ಅದಕ್ಕಿಂತ ಚಾಕು ಉದ್ದವಾಗಿರಬೇಕು. ಒಂದೇ ಚಾಕು ಕೊಳ್ಳುವುದಾದರೆ 6 ಅಥವಾ 7 ಇಂಚಿನದು ತೆಗೆದುಕೊಳ್ಳಿ. ಸಂಸಾರವಂದಿಗಳಿಗೆ ಅದೇ ಸರಿ.

ಬಾಗುವ ಅಲಗು ಯಾಕೆ ಎಂದು ಕೇಳಬಹುದು. ಮೀನಿನ ಪಕ್ಕೆಲುಬು ನೇರವಾಗಿಲ್ಲ, ಗೂಡಿನಂತೆ ಬಾಗಿದೆ. ಅಲಗೂ ಅದರೊಡನೆ ಬಾಗಿದರೆ ಮಾಂಸ ಮೂಳೆಗೆ ಅಂಟಿ ಉಳಿಯುವುದಿಲ್ಲ. ಫಿನ್ಲೆಂಡ್ ಎಂಬ ಸರೋವರಗಳ ನಾಡಿನಲ್ಲಿ ಸಿಹಿನೀರಿನ ಮೀನೇ ಮನೆಮಾತು. 1967ರಲ್ಲಿ ಅಲ್ಲಿಯ ರಾಪಾಲಾ ಕಂಪನಿ ಇಂಥ ತೆಳು ಅಲಗಿನ, ಮರದ ಹಿಡಿಯ ಚಾಕುವನ್ನು ಹೊರತಂದಿತು. ಮಾರ್ತಿನಿ ಎಂಬ ಹಳೆಯ ಚಾಕು ಕಾರ್ಖಾನೆ ಅದನ್ನು ತಯಾರಿಸಿತು. ಮೀನು ಬಿಡಿಸುವ ಚಾಕು ಎಂದರೆ ಉದ್ದ, ಕಿರಿದು, ತುದಿ ಮೇಲಕ್ಕೆ ಎದ್ದದ್ದು ಎಂಬ ರೂಪ ದೇಶ ವಿದೇಶಗಳಲ್ಲಿ ಪರಿಚಿತವಾದದ್ದರಲ್ಲಿ ಆ ಚಾಕುವಿನ ಪಾಲೂ ಇದೆ. ನಮಗೆ ಅದೇ ಬೇಕೆಂದಿಲ್ಲ, ಆ ರೂಪ ಇದ್ದರೆ ಸಾಕು.

ಅಂಗಡಿಯಲ್ಲಿ ಏನು ನೋಡಬೇಕು?

1. ಅಲಗು: ಅಗಲ ಹೆಚ್ಚಿರಬಾರದು, ಹೆಬ್ಬೆರಳಿನಷ್ಟು ಅಗಲ ಸಾಕು. ಬೆನ್ನಿನ ದಪ್ಪ 2 ಮಿಲಿಮೀಟರ್ ಮೀರಬಾರದು. ತುದಿ ಚೂಪಾಗಿ, ಕೊಂಚ ಮೇಲೆದ್ದಿರಬೇಕು. ಗರಗಸದ ಹಲ್ಲಿರುವುದು ಬ್ರೆಡ್ಡಿಗೆ ಸರಿ, ಮೀನಿಗೆ ಖಂಡಿತ ಬೇಡ. ಅದು ಮಾಂಸವನ್ನು ಹರಿಯುತ್ತದೆ, ಮನೆಯಲ್ಲಿ ಸಾಣೆ ಹಿಡಿಯಲೂ ಆಗುವುದಿಲ್ಲ.

2. ಬಾಗುವ ಪರೀಕ್ಷೆ: ತುದಿಯನ್ನು ಮರದ ಹಲಗೆಗೆ ಚಪ್ಪಟೆಯಾಗಿ ತಾಗಿಸಿ ಮೆಲ್ಲನೆ ಒತ್ತಿ. ಒಂದು ಇಂಚಿನಷ್ಟು ಬಾಗಿ, ಬಿಟ್ಟೊಡನೆ ನೇರವಾಗಬೇಕು. ಬಾಗಿದ್ದು ಹಾಗೇ ನಿಂತರೆ ಆ ಉಕ್ಕಿಗೆ ಹದ ಕೂತಿಲ್ಲವೆಂದು ತಿಳಿಯಿರಿ. ಪರೀಕ್ಷೆಗೆ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿ.

3. ಉಕ್ಕು: ಎರಡು ಬಗೆ. ಒಂದು ಹಳೆಯ ಕಾಲದ ಕಪ್ಪು ಉಕ್ಕು, ಅದನ್ನು ಕಾರ್ಬನ್ ಸ್ಟೀಲ್ ಎನ್ನುತ್ತಾರೆ. ಬೇಗ ಹರಿತವಾಗುತ್ತದೆ, ಮನೆಯ ಕಲ್ಲಿನಲ್ಲೇ ಸಾಣೆ ಹಿಡಿಯಬಹುದು. ಆದರೆ ನೀರಿನಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಇನ್ನೊಂದು ಸ್ಟೇನ್‌ಲೆಸ್ ಸ್ಟೀಲ್. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಉಕ್ಕಿಗೆ ನೂರಕ್ಕೆ 13ರಷ್ಟು ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ಮಾಡಿದರು. ಶೆಫೀಲ್ಡ್ ಚಾಕು ಚೂರಿಗಳ ಊರು, ಹಾಗಾಗಿ ಅದು ಬೇಗನೆ ಊಟದ ಮೇಜಿನ ಚಾಕುಗಳಿಗೆ ಬಳಕೆಯಾಯಿತು. ಮೀನು, ನೀರು, ಉಪ್ಪು, ಹುಳಿ ಎಲ್ಲದರ ನಡುವೆ ಇರುವ ನಮಗೆ ಇದೇ ಅನುಕೂಲ. ತೊಳೆದು ಒರೆಸಿಡುವ ಶಿಸ್ತು ನಿಮಗಿದ್ದರೆ ಕಪ್ಪು ಉಕ್ಕೂ ಬಹಳ ಚೆನ್ನ.

4. ಆಯಸ್ಕಾಂತದ ಮಾತು: ಪಾತ್ರೆ ಅಂಗಡಿಯಲ್ಲಿ "ಆಯಸ್ಕಾಂತ ಹಿಡಿಯದಿದ್ದರೆ ಅಸಲಿ ಸ್ಟೀಲು" ಎಂದು ಹೇಳುವುದನ್ನು ಕೇಳಿದ್ದೀರಿ. ಆ ಮಾತು ತಟ್ಟೆ ಲೋಟಗಳಿಗೆ ತಕ್ಕಮಟ್ಟಿಗೆ ಸರಿ, ಚಾಕುವಿಗೆ ತಪ್ಪು! ಚಾಕುವಿನ ಉಕ್ಕನ್ನು ಕಾಯಿಸಿ, ತಣಿಸಿ ಗಟ್ಟಿ ಮಾಡಬೇಕು. ಹಾಗೆ ಗಟ್ಟಿಯಾಗುವ ಸ್ಟೇನ್‌ಲೆಸ್ ಉಕ್ಕನ್ನು ಆಯಸ್ಕಾಂತ ಹಿಡಿಯುತ್ತದೆ. ಪಾತ್ರೆಯ ಉಕ್ಕಿನಲ್ಲಿ ಮಾಡಿದ ಚಾಕು ಫಳಫಳ ಹೊಳೆದೀತು, ನಾಲ್ಕು ದಿನದಲ್ಲಿ ಮೊಂಡಾದೀತು. ಆದ್ದರಿಂದ ಉಕ್ಕಿನ ಚಾಕುವಿಗೆ ಆಯಸ್ಕಾಂತ ಅಂಟಿದರೆ ಸಂತೋಷವೇ ಪಡಿ.

5. ಹಿಡಿ: ನನ್ನನ್ನು ಕೇಳಿದರೆ ಅಲಗಿನಷ್ಟೇ ಮುಖ್ಯ ಇದು. ಲೋಳೆ ಕೈಯಲ್ಲಿ ಹಿಡಿಯುವ ವಸ್ತು, ನುಣ್ಣಗಿದ್ದರೆ ಜಾರುತ್ತದೆ. ಒರಟು ಮೈಯ ಪ್ಲಾಸ್ಟಿಕ್, ರಬ್ಬರಿನ ಹಿಡಿ ಒಳ್ಳೆಯದು. ಮರದ ಹಿಡಿ ಕೈಗೆ ಹಿತ, ಆದರೆ ಬಿರುಕು ಬಿಟ್ಟರೆ ಮೀನಿನ ಕೊಳೆ ಅದರೊಳಗೆ ಸೇರಿಕೊಳ್ಳುತ್ತದೆ. ಅಲಗು ಮತ್ತು ಹಿಡಿ ಸೇರುವ ಜಾಗದಲ್ಲಿ ಬೆರಳು ಮುಂದೆ ಜಾರದಂತೆ ಒಂದು ತಡೆ ಇರಬೇಕು. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ಉದ್ದ ಹೋಗಿದೆಯೆಂದು ಕೇಳಿ. ಕೊನೆಯವರೆಗೂ ಹೋಗಿದ್ದರೆ ಭದ್ರ. ಅರ್ಧ ಇಂಚು ಹೋಗಿ ಅಂಟಿನಲ್ಲಿ ನಿಂತಿದ್ದರೆ ಒಂದು ದಿನ ಹಿಡಿ ನಿಮ್ಮ ಕೈಯಲ್ಲಿ, ಅಲಗು ಮೀನಿನಲ್ಲಿ!

ಯಜಮಾನರನ್ನೋ ಮಗನನ್ನೋ ಕಳಿಸಿ ತರಿಸಬೇಡಿ. ಅವರ ಕೈ ಬೇರೆ, ನಿಮ್ಮ ಕೈ ಬೇರೆ. ನೀವೇ ಹೋಗಿ, ಹಿಡಿದು ನೋಡಿ. ಮುಷ್ಟಿ ಕಟ್ಟಿದಾಗ ಬೆರಳುಗಳು ಅಂಗೈಯನ್ನು ಹಗುರವಾಗಿ ಮುಟ್ಟಬೇಕು. ಬೆಲೆಯ ಚಿಂತೆಯೇ? ಒಂದು ಕಿಲೋ ಒಳ್ಳೆಯ ಕೊರವ ಮೀನಿಗೆ ಕೊಡುವ ದುಡ್ಡಿನ ಆಸುಪಾಸಿನಲ್ಲಿ ವರ್ಷಗಟ್ಟಲೆ ಬಾಳುವ ಚಾಕು ಸಿಗುತ್ತದೆ. ಹೊರದೇಶದ ಹೆಸರಿಗೆ ಮರುಳಾಗಿ ಸಾವಿರಗಟ್ಟಲೆ ಸುರಿಯಬೇಕಾಗಿಲ್ಲ.

ಎಲ್ಲ ಮೀನಿನ ಮುಳ್ಳೂ ಒಂದೇ ಅಲ್ಲ

ಇಲ್ಲೊಂದು ಗುಟ್ಟಿದೆ, ಗಮನವಿಟ್ಟು ಓದಿ. ಎಷ್ಟು ಒಳ್ಳೆಯ ಚಾಕು ತಂದರೂ ರೋಹು, ಕಾಟ್ಲಾ, ಮೃಗಾಲ್, ಸಾಮಾನ್ಯ ಗೆಂಡೆಯ ಮಾಂಸ ಪೂರ್ತಿ ಮುಳ್ಳಿಲ್ಲದೆ ಬರುವುದಿಲ್ಲ. ಈ ಗೆಂಡೆ ಜಾತಿಗೆ ನಡುಮುಳ್ಳು, ಪಕ್ಕೆಮುಳ್ಳು ಅಲ್ಲದೆ ಮಾಂಸದ ಒಳಗೇ ಕವೆಗೋಲಿನಂಥ ಸಣ್ಣ ಮುಳ್ಳುಗಳು ಹುದುಗಿರುತ್ತವೆ. ಅವು ನಡುಮುಳ್ಳಿಗೆ ಅಂಟಿಕೊಂಡಿರುವುದಿಲ್ಲ, ಆದ್ದರಿಂದ ನಡುಮುಳ್ಳಿನೊಡನೆ ಹೊರಬರುವುದೂ ಇಲ್ಲ. ತಪ್ಪು ನಿಮ್ಮ ಕೈಯದಲ್ಲ, ಚಾಕುವಿನದೂ ಅಲ್ಲ.

ಹಾವಿನಂಥ ತಲೆಯ ಕೊರವ, ಜಿಲೇಬಿ, ಹೊಂಡದಲ್ಲಿ ಸಾಕುವ ಪಂಗಾಸಿಯಸ್ ಇವುಗಳಿಗೆ ಆ ಕವೆಮುಳ್ಳಿನ ಕಾಟವಿಲ್ಲ. ಮಕ್ಕಳಿಗೆ, ವಯಸ್ಸಾದವರಿಗೆ ಬಿಡಿಸಿ ಕೊಡಲು ಇವೇ ಸರಿ. ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿದೆ. ಹಲ್ಲಿಲ್ಲ, ಕಣ್ಣು ಮಂಜು. ಮುಳ್ಳಿನ ಹೆದರಿಕೆಗೆ ಮೀನೇ ಬೇಡವೆಂದು ಬರೀ ಸಾರು ಹಾಕಿಸಿಕೊಂಡು ಏಳುತ್ತಿದ್ದರು. ಕೊರವ ಬಿಡಿಸಿ ಹುರಿದು ತಟ್ಟೆಗೆ ಹಾಕಿದ ದಿನ ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಮುಳ್ಳಿಲ್ಲವೆಂದು ಖಾತ್ರಿಯಾದ ಮೇಲೆ, "ಇನ್ನೊಂದು ಹಾಕು" ಎಂದರು. ಅಷ್ಟು ಸಾಕಲ್ಲವೇ ನಮಗೆ?

ಹಾಗಾದರೆ ಗೆಂಡೆಗೆ ಉಪಾಯವಿಲ್ಲವೇ? ಇದೆ. ನದಿ ಕೆರೆಗಳ ಗೆಂಡೆಯನ್ನು ಇಷ್ಟಪಟ್ಟು ತಿನ್ನುವ ಹಂಗೇರಿ ದೇಶದಲ್ಲಿ ಹೀಗೆ ಮಾಡುತ್ತಾರೆ. ಚರ್ಮ ತೆಗೆಯದೆ ಮಾಂಸವನ್ನು ಬಿಡಿಸಿಕೊಂಡು, ಚರ್ಮ ಕೆಳಗಾಗಿ ಹಲಗೆಯ ಮೇಲಿಟ್ಟು, ಮೂರು ನಾಲ್ಕು ಮಿಲಿಮೀಟರಿಗೊಂದರಂತೆ ಅಡ್ಡಡ್ಡ ಕಚ್ಚು ಹಾಕುತ್ತಾರೆ. ಚರ್ಮ ಮಾತ್ರ ತುಂಡಾಗಬಾರದು. ಒಳಗಿನ ಮುಳ್ಳುಗಳು ಸಣ್ಣ ಸಣ್ಣ ಚೂರಾಗಿ, ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದಾಗ ಬಾಯಿಗೆ ತಾಕುವುದೇ ಇಲ್ಲ. ಇದಕ್ಕೂ ಹರಿತವಾದ ಚಾಕುವೇ ಬೇಕು. ಇಷ್ಟಾದರೂ ಪುಟ್ಟ ಮಕ್ಕಳಿಗೆ ಕೊಡುವಾಗ ಕೈಯಿಂದ ಕಿವುಚಿ ನೋಡಿಯೇ ಕೊಡಿ. ಅಕಸ್ಮಾತ್ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸುವ ಹಳೆಯ ಪದ್ಧತಿ ಬೇಡ. ಅದು ಮುಳ್ಳನ್ನು ಇನ್ನೂ ಒಳಕ್ಕೆ ತಳ್ಳಬಹುದು. ವೈದ್ಯರ ಬಳಿ ಕರೆದುಕೊಂಡು ಹೋಗಿ.

ಬಿಡಿಸುವ ಕ್ರಮ

ಮೊದಲು ಹುರುಪೆ ತೆಗೆಯಿರಿ. ಕೊರವದ ಲೋಳೆ ಹೋಗಲು ಕಲ್ಲುಪ್ಪೋ ಬೂದಿಯೋ ಹಾಕಿ ತಿಕ್ಕಿ ತೊಳೆಯಿರಿ. ಚೇಳುಮೀನು ಬಂದಿದ್ದರೆ ಎದೆಯ ಎರಡು ಪಕ್ಕದ ಮುಳ್ಳನ್ನು ಮೊದಲೇ ಕತ್ತರಿಸಿಹಾಕಿ, ಅದರಲ್ಲಿ ವಿಷವಿದೆ. ಚುಚ್ಚಿದರೆ ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಅದ್ದಿಟ್ಟರೆ ಉರಿ ಇಳಿಯುತ್ತದೆ, ಆಮೇಲೆ ವೈದ್ಯರಿಗೆ ತೋರಿಸಿ.

ಹೊಟ್ಟೆ ಸೀಳುವಾಗ ಚಾಕುವಿನ ತುದಿಯನ್ನಷ್ಟೇ ಬಳಸಿ, ಆಳಕ್ಕೆ ಇಳಿಸಬೇಡಿ. ಒಳಗೆ ಹಸಿರು ಬಣ್ಣದ ಪಿತ್ತದ ಚೀಲವಿರುತ್ತದೆ. ಒಡೆದರೆ ಮಾಂಸವೆಲ್ಲ ಕಹಿ. ಒಡೆಯದಂತೆ ತೆಗೆದು ಎಸೆಯಿರಿ. ಇನ್ನೊಂದು ಮಾತು. ಸಕ್ಕರೆ ಕಾಯಿಲೆಗೆ, ಉಬ್ಬಸಕ್ಕೆ, ಕೀಲುನೋವಿಗೆ ಮದ್ದೆಂದು ರೋಹು, ಕಾಟ್ಲಾದ ಪಿತ್ತವನ್ನು ನುಂಗುವವರಿದ್ದಾರೆ. ದಯವಿಟ್ಟು ಬೇಡ. ಅದು ಮೂತ್ರಪಿಂಡವನ್ನು ಕೆಡಿಸಿ ಜನ ಆಸ್ಪತ್ರೆ ಸೇರಿರುವುದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ಹೇಳಿದವರು ಎಷ್ಟೇ ಹಿರಿಯರಾಗಿರಲಿ, ಈ ಒಂದು ಮಾತಿನಲ್ಲಿ ಗಟ್ಟಿಯಾಗಿ ನಿಲ್ಲಿ.

ತೊಳೆದ ಮೀನನ್ನು ಹಳೆಯ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಮೀನು ಜಾರುತ್ತದೆ. ಹಲಗೆಯ ಕೆಳಗೂ ಒದ್ದೆ ಬಟ್ಟೆ ಮಡಿಸಿ ಹಾಕಿ, ಹಲಗೆ ಅಲುಗಾಡುವುದಿಲ್ಲ. ಈಗ ಕಿವಿರಿನ ಹಿಂದೆ, ಪಕ್ಕದ ರೆಕ್ಕೆಯ ಹಿಂಬದಿಗೆ ಓರೆಯಾಗಿ ನಡುಮುಳ್ಳು ತಾಗುವವರೆಗೆ ಕೊಯ್ಯಿರಿ. ಮುಳ್ಳು ಕತ್ತರಿಸಬೇಡಿ. ಅಲ್ಲಿಂದ ಅಲಗನ್ನು ಬಾಲದ ಕಡೆಗೆ ತಿರುಗಿಸಿ, ನಡುಮುಳ್ಳಿನ ಮೇಲೆಯೇ ಮಲಗಿಸಿ, ಉದ್ದುದ್ದ ಎಳೆತದಲ್ಲಿ ಸಾಗಿ. ಗರಗಸದಂತೆ ಹಿಂದೆ ಮುಂದೆ ಆಡಿಸಬೇಡಿ. ಮುಳ್ಳಿಗೆ ಅಲಗು ತಾಗಿ ಟಿಕ್ ಟಿಕ್ ಎಂದು ಸದ್ದು ಬರುತ್ತಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಎಡಗೈ ಸದಾ ಅಲಗಿನ ಹಿಂದೆ ಇರಲಿ, ಮುಂದೆ ಬೇಡ. ಮೀನು ಮಗುಚಿ ಇನ್ನೊಂದು ಮಗ್ಗುಲನ್ನೂ ಹಾಗೆಯೇ ಬಿಡಿಸಿ. ಹೋಳಿಗೆ ಅಂಟಿ ಬಂದ ಪಕ್ಕೆಮುಳ್ಳಿನ ಕೆಳಗೆ ಅಲಗು ತೂರಿಸಿ ಅದನ್ನು ಎತ್ತಿ ತೆಗೆಯಿರಿ.

ಚರ್ಮ ತೆಗೆಯಬೇಕಿದ್ದರೆ ಹೋಳನ್ನು ಚರ್ಮ ಕೆಳಗಾಗಿ ಇಟ್ಟು, ಬಾಲದ ತುದಿಯನ್ನು ಉಪ್ಪು ಮುಟ್ಟಿದ ಬೆರಳಿನಲ್ಲಿ ಹಿಡಿಯಿರಿ. ಉಪ್ಪಿದ್ದರೆ ಜಾರುವುದಿಲ್ಲ. ಅಲಗನ್ನು ಚರ್ಮ ಮತ್ತು ಮಾಂಸದ ನಡುವೆ ಮಲಗಿಸಿ ಹಿಡಿದು, ಚರ್ಮವನ್ನು ನಿಮ್ಮ ಕಡೆಗೆ ಎಳೆಯಿರಿ. ಚಾಕುವನ್ನು ನೂಕುವುದಕ್ಕಿಂತ ಚರ್ಮವನ್ನು ಎಳೆಯುವುದೇ ಇಲ್ಲಿನ ಕೈಚಳಕ.

ಒಂದು ಕಿಲೋ ಜಿಲೇಬಿಯಿಂದ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಚರ್ಮ, ಮುಳ್ಳಿಲ್ಲದ ಮಾಂಸ ಬಂದೀತು. "ಇಷ್ಟೇನಾ?" ಎಂದು ಬೇಸರ ಬೇಡ. ಕಿವಿರು ತೆಗೆದು ತೊಳೆದ ತಲೆ, ಮುಳ್ಳುಗಳನ್ನು ಇಪ್ಪತ್ತು ನಿಮಿಷ ಕುದಿಸಿ, ಸೋಸಿ, ಆ ನೀರಿನಲ್ಲಿ ಸಾರು ಮಾಡಿ. ರುಚಿಯೆಲ್ಲ ಅಲ್ಲೇ ಇದೆ.

ಸಾಣೆ ಮತ್ತು ಆರೈಕೆ

ಚಾಕು ತಂದಷ್ಟೇ ಮುಖ್ಯ ಅದನ್ನು ಹರಿತವಾಗಿ ಇಡುವುದು. ಒಂದು ಬದಿ ಒರಟು, ಒಂದು ಬದಿ ನಯವಿರುವ ಸಾಣೆಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಲ್ಲನ್ನು ಒದ್ದೆ ಮಾಡಿ. ಅಲಗನ್ನು ಎಷ್ಟು ಓರೆಯಾಗಿ ಹಿಡಿಯಬೇಕೆಂದು ತಿಳಿಯಲು ಚೌಕದ ಕಾಗದವೊಂದರ ಮೂಲೆಯನ್ನು ಎರಡು ಸಲ ಮಡಿಸಿ. ಆಗ ಸಿಗುವ ಕಿರಿದಾದ ಮೂಲೆಗಿಂತ ಕೊಂಚ ಕಡಿಮೆ ಓರೆ ಸಾಕು. ಅದೇ ಓರೆಯಲ್ಲಿ ಪ್ರತಿ ಬದಿಗೂ ಹತ್ತು ಹತ್ತು ಸಲ ಹಗುರವಾಗಿ ಎಳೆಯಿರಿ, ಮೊದಲು ಒರಟು ಬದಿ, ಆಮೇಲೆ ನಯ ಬದಿ. ಒಂದು ವೃತ್ತಪತ್ರಿಕೆಯ ಹಾಳೆ ಗಾಳಿಯಲ್ಲಿ ಹಿಡಿದು ಕೊಯ್ದಾಗ ಹರಿಯದೆ ನೀಟಾಗಿ ಕತ್ತರಿಸಿದರೆ ಹರಿತ ಬಂದಿದೆ.

ಬೀದಿಯಲ್ಲಿ ಸಾಣೆ ಚಕ್ರ ತರುವವರ ಬಳಿ ಮಾಡಿಸುವುದಾದರೆ ಎದುರಿಗೆ ನಿಂತು ಮಾಡಿಸಿ. ಕಿಡಿ ಹಾರಿಸಿ ಒತ್ತಿ ಹಿಡಿದರೆ ಅಲಗು ಕಾದು ಅಂಚು ನೀಲಿಗಟ್ಟುತ್ತದೆ. ನೀಲಿಗಟ್ಟಿತೆಂದರೆ ಅಲ್ಲಿಯ ಹದ ಹೋಯಿತು, ಆ ಜಾಗ ಮೆತ್ತಗಾಯಿತು. ಆಗಾಗ ನೀರಿಗೆ ಅದ್ದಿ ಮಾಡಲು ಹೇಳಿ.

ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯ ಮೇಲೆ ಕತ್ತರಿಸಬೇಡಿ. ಮರದ ಅಥವಾ ಪ್ಲಾಸ್ಟಿಕ್ ಹಲಗೆ ಇರಲಿ. ಮೀನಿನ ಹಲಗೆ ಬೇರೆ, ಸೌತೆಕಾಯಿ ಹೆಚ್ಚುವ ಹಲಗೆ ಬೇರೆ. ಕೆಲಸ ಮುಗಿದೊಡನೆ ಸೋಪು ಹಾಕಿ ತೊಳೆದು, ಒರೆಸಿ, ಕಪ್ಪು ಉಕ್ಕಿನದಾದರೆ ಒಂದು ತೊಟ್ಟು ಎಣ್ಣೆ ಸವರಿ ಇಡಿ. ಪಾತ್ರೆ ತೊಳೆಯುವ ಸಿಂಕಿನಲ್ಲಿ ಮಾತ್ರ ಎಂದೂ ಬಿಡಬೇಡಿ, ನೊರೆಯೊಳಗೆ ಕಾಣದ ಚಾಕು ಪಾತ್ರೆ ತೊಳೆಯಲು ಬಂದ ಹೆಣ್ಣುಮಗಳ ಕೈ ಕೊಯ್ಯುತ್ತದೆ. ದಪ್ಪ ರಟ್ಟಿನ ಒರೆ ಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಮುಳ್ಳಿಲ್ಲದ ಮೀನು ಹುರಿದದ್ದು

ಬೇಕಾಗುವ ಸಾಮಗ್ರಿ: ಮುಳ್ಳು ಬಿಡಿಸಿದ ಕೊರವ ಅಥವಾ ಜಿಲೇಬಿ ಮೀನಿನ ಹೋಳು ಅರ್ಧ ಕಿಲೋ, ಖಾರದ ಪುಡಿ 2 ಟೀ ಚಮಚ, ಅರಿಶಿನ ಅರ್ಧ ಟೀ ಚಮಚ, ಕುಟ್ಟಿದ ಕಾಳುಮೆಣಸು 1 ಟೀ ಚಮಚ, ಅರೆದ ಶುಂಠಿ ಬೆಳ್ಳುಳ್ಳಿ 1 ದೊಡ್ಡ ಚಮಚ, ಒಂದು ನಿಂಬೆಹಣ್ಣಿನ ರಸ, ಅಕ್ಕಿ ಹಿಟ್ಟು 2 ದೊಡ್ಡ ಚಮಚ, ಚಿರೋಟಿ ರವೆ ಸ್ವಲ್ಪ, ಕರಿಬೇವು, ಉಪ್ಪು, ಎಣ್ಣೆ.

ಮಾಡುವ ವಿಧಾನ: ರವೆ, ಕರಿಬೇವು, ಎಣ್ಣೆ ಬಿಟ್ಟು ಉಳಿದೆಲ್ಲವನ್ನೂ ಸೇರಿಸಿ ಗಟ್ಟಿಯಾಗಿ ಕಲಸಿ. ನೀರು ಬೇಕಿದ್ದರೆ ಒಂದೆರಡು ಚಮಚ ಸಾಕು. ಹೋಳುಗಳಿಗೆ ಸವರಿ ಅರ್ಧ ಗಂಟೆ ಬಿಡಿ. ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕಿ, ಹೋಳನ್ನು ರವೆಯಲ್ಲಿ ಹೊರಳಿಸಿ ಇಡಿ. ಮಧ್ಯಮ ಉರಿಯಲ್ಲಿ ಒಂದೊಂದು ಬದಿಗೆ ಮೂರು ನಾಲ್ಕು ನಿಮಿಷ. ಸಿಹಿನೀರಿನ ಮೀನು ಒಳಗೂ ಪೂರ್ತಿ ಬೆಂದಿರಬೇಕು. ನಡುವೆ ಮುರಿದರೆ ಮಾಂಸ ಬೆಳ್ಳಗೆ ಪದರ ಪದರವಾಗಿ ಬಿಡಬೇಕು. ಅದೇ ಎಣ್ಣೆಯಲ್ಲಿ ಕರಿಬೇವು ಹುರಿದು ಮೇಲೆ ಉದುರಿಸಿ.

ಮೊದಲ ಸಲ ಬಿಡಿಸಿದ ಹೋಳು ಅಂಕುಡೊಂಕಾಗಿ ಬಂದರೆ ಚಿಂತೆ ಬೇಡ, ರವೆಯೊಳಗೆ ಎಲ್ಲ ಮುಚ್ಚಿಹೋಗುತ್ತದೆ! ನಾಲ್ಕನೆಯ ಮೀನಿಗೆ ಕೈ ಪಳಗುತ್ತದೆ. ಮುಂದಿನ ಸಂತೆಗೆ ಹೋದಾಗ ಮೀನಿನ ಬುಟ್ಟಿಗೆ ಮೊದಲು ಚಾಕುವಿನ ಅಂಗಡಿಯಲ್ಲಿ ಒಂದು ಗಳಿಗೆ ನಿಲ್ಲಿ. ಹಿಡಿಯನ್ನು ನಿಮ್ಮ ಕೈಯಲ್ಲೇ ಹಿಡಿದು ನೋಡಿ. ಮನೆಯವರೆಲ್ಲರ ಊಟ ನಡೆಸುವ ಕೈ ಅದು, ಅದಕ್ಕೆ ಒಪ್ಪುವಂಥದನ್ನೇ ತನ್ನಿ.